ಕಟ್ಟೆಯೇರಿದ ಹೋತರಾಯರ ಮೇಲೊಂದು ದೂರು

ಮಟಕಿ ಗ್ರಾಮದ ಖುರ್ಷಿದ ಅವರ ಅಂಗಳದಲ್ಲಿ ವಾಸವಾಗಿದ್ದು, ಊಟ ಮತ್ತು ವಿಶ್ರಾಂತಿಯನ್ನು ಮಾತ್ರ ನಮ್ಮ ಅಂಗಳದಲ್ಲಿ ಪೂರೈಸುವ ಹೋತರಾಯರ ಸನ್ನಿಧಿಗೆ, ಪಕ್ಕದ ಮನೆಯ ಭುವನೇಶ್ವರಿ ಮಾಡುವ, ತಮ್ಮ ಗಡ್ಡಕ್ಕೆ ಸಲ್ಲತಕ್ಕ ನಮಸ್ಕಾರಗಳು.

ಮಾನ್ಯರೇ,

ನಮ್ಮ ಅಂಗಳ ತಮ್ಮ ಮನೆಯ ಕಡೆಗೆ ಇಳಿಜಾರಾಗಿರುವುದನ್ನು ತಾವು ಬಲ್ಲಿರಿ. ಮೊಣಕಾಲು ನೋವಿನ ನಮ್ಮ ಅತ್ತೆ ಸಕ್ಕುಬಾಯಿಯವರು ಸಂಜೆ ಹೊರಗೆ ಕುರ್ಚಿ ಹಾಕಿಕೊಂಡರೆ ಅದು ತಗ್ಗಿಗೆ ವಾಲುತ್ತಿತ್ತು. ಹಾಗಾಗಿ ನಮ್ಮ ಯಜಮಾನರಾದ ಮಾಳಿಂಗ ಅವರು ತಗ್ಗಿನ ಬದಿಗೆ ಕಲ್ಲಿನ ತಡೆಗೋಡೆ ಎಬ್ಬಿಸಿ, ಒಳಗೆ ಮಣ್ಣು ತುಂಬಿ, ಮೇಲೆ ಶಹಾಬಾದ ಫರ್ಸಿಕಲ್ಲು ಹಾಸಿ ಸಮತಟ್ಟಾದ ಕಟ್ಟೆ ಮಾಡಿಸಿದರು. ನೀರು ಹರಿದುಹೋಗಲು ಗೋಡೆಯಲ್ಲಿ ಅಲ್ಲಲ್ಲಿ ತೂತು ಬಿಡಿಸಿರೆಂದು ನಾನು ಹೇಳಿದ್ದಕ್ಕೆ, "ಗಟ್ಟಿ ಗ್ವಾಡಿಗಿ ಯಾರರೆ ತೂತು ಬಿಡ್ತಾರೇನ?" ಎಂದು ನಕ್ಕರು.

ಕಟ್ಟೆಯ ಉದ್ಘಾಟನೆಯನ್ನು, ಯಾರೂ ಕರೆಯದಿದ್ದರೂ, ತಾವೇ ನೆರವೇರಿಸಿದಿರಿ. ಪೂಜೆಯ ಚೆಂಡುಹೂವಿನ ಹಾರವನ್ನು ಪ್ರಸಾದವಾಗಿ ಸ್ವೀಕರಿಸಿ, ಹೊಸ ಫರ್ಸಿಯ ತುಂಬ ಹಿಕ್ಕೆಯ ರಂಗೋಲಿ ಬಿಡಿಸಿದಿರಿ. ಅತ್ತೆ ಕೋಲೆತ್ತಿ ತಮ್ಮನ್ನೂ ತಮ್ಮ ಒಡತಿ ಖುರ್ಷಿದ ಅವರನ್ನೂ ಒಂದೇ ಉಸಿರಿನಲ್ಲಿ ಬೈದರು. ದಿನವೂ ಎಲೆಅಡಿಕೆ ಹಂಚಿಕೊಳ್ಳುತ್ತಿದ್ದ ಆ ಇಬ್ಬರು ಅಂದಿನಿಂದ ಮಾತು ಬಿಟ್ಟರು. ಅವರು ಕೂತು ಹರಟಲೆಂದೇ ಕಟ್ಟಿದ ಕಟ್ಟೆಯ ಮೇಲೆ ತಾವೊಬ್ಬರೇ ಮೆಲುಕು ಹಾಕುತ್ತ ಮಲಗಿರುವ ವೈಭವವನ್ನು ನೋಡುವ ಭಾಗ್ಯ ನಮ್ಮದಾಯಿತು.

ಆಮೇಲೆ ಜಡಿಮಳೆ ಹಿಡಿಯಿತು. ಮಣ್ಣು ನೀರು ಕುಡಿದು ಗೋಡೆ ಹೊಟ್ಟೆ ಬಿಟ್ಟಿತು. ಅದು ಕಲ್ಲಿನ ಸ್ವಭಾವವೆಂದು ಯಜಮಾನರು ಸಮಾಧಾನ ಹೇಳಿದರು. ಮಳೆ ಬಿಟ್ಟ ಮುಂಜಾನೆ ಅತ್ತೆ ಕಟ್ಟೆಯ ಅಂಚಿನಲ್ಲಿ ಬಿಸಿಲಿಗೆ ಕೂತಿದ್ದರು. ಆಗ ತಾವು ಬಾಗಿಲ ಬಳಿ ಒಣಹಾಕಿದ್ದ ನನ್ನ ಇಳಕಲ್ ಸೀರೆಯ ಸೆರಗಿಗೆ ಬಾಯಿ ಹಾಕಿದಿರಿ. ಸೊಸೆಯ ಸೀರೆ ಉಳಿಸಲು ಅತ್ತೆ ಎದ್ದು ಬಂದದ್ದು ಅದೇ ಮೊದಲು. ಅವರು ಕಟ್ಟೆ ಇಳಿದು ತಮ್ಮನ್ನು ತಲುಪುವಷ್ಟರಲ್ಲಿ ಬೆನ್ನ ಹಿಂದೆ ಗೋಡೆ, ಮಣ್ಣು, ಫರ್ಸಿ, ಕೂತಿದ್ದ ಕುರ್ಚಿ ಎಲ್ಲವೂ ತಗ್ಗಿಗೆ ಉರುಳಿದವು. ಅವರು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಮೊದಲು ಓಡಿ ಬಂದವರು ಖುರ್ಷಿದ.

"ಅಕ್ಕಾ, ಕೈ ಹಿಡೀರಿ. ಮಾತು ಬಿಟ್ಟಿದ್ದು ಆಮ್ಯಾಲ ನೋಡೂಣು," ಎಂದರು. ಅತ್ತೆ ಮಧ್ಯಾಹ್ನದವರೆಗೂ ಆ ಕೈ ಬಿಡಲಿಲ್ಲ.

ಈಗ ಹೊಸ ಗೋಡೆ ಬೇಕೆಂದೇ ತುಸು ಹಿಂದಕ್ಕೆ, ಮಣ್ಣಿನ ಕಡೆಗೆ ವಾಲಿ ನಿಂತಿದೆ, ಅದರ ಬೆನ್ನಿಗೆ ಜಲ್ಲಿ ತುಂಬಿದೆ, ತೂತುಗಳೂ ಇವೆ. ತೂತಿನ ವಿಚಾರ ಹೊಳೆದದ್ದು ಯಜಮಾನರಿಗೇ ಅಂತೆ. ಓಣಿಗೆಲ್ಲ ಅವರೇ ಹೇಳಿಕೊಂಡು ಬಂದಿದ್ದಾರೆ. ಅತ್ತೆಯವರಂತೂ ತಮ್ಮನ್ನು ದೇವರೇ ಕಳಿಸಿದನೆಂದು ನಂಬಿ ದಿನಾ ಬಿಸಿ ರೊಟ್ಟಿ ತಿನ್ನಿಸುತ್ತಾರೆ. ಆದಕಾರಣ ತಾವು ದಯವಿಟ್ಟು ನನ್ನ ಸೆರಗನ್ನು ಮೊದಲಿನಂತೆ ನೆಯ್ದು ಕೊಡಬೇಕು. ಅದಾಗದಿದ್ದರೆ, ಅತ್ತೆ ಮತ್ತು ಖುರ್ಷಿದ ಹರಟಲು ಕೂತಾಗ ಕಟ್ಟೆಯ ಅರ್ಧವನ್ನಾದರೂ ಅವರಿಗೆ ಬಿಟ್ಟುಕೊಡಬೇಕೆಂದು ಕೋರುತ್ತೇನೆ.

ತಮಗಾಗಿ ರೊಟ್ಟಿ ಬಡಿಯುತ್ತಲೇ ಇರುವ ತಮ್ಮ ವಿಶ್ವಾಸಿ,
ಭುವನೇಶ್ವರಿ

ತಾ.ಕ.: ಕಡಗಂಚಿಯ ಗೆಳೆಯರೊಬ್ಬರಿಗೂ ಮುಂದೆ ನಿಂತು ಕಟ್ಟೆ ಕಟ್ಟಿಸಿಕೊಡುವುದಾಗಿ ನಮ್ಮ ಯಜಮಾನರು ಮಾತು ಕೊಟ್ಟು ಬಂದಿದ್ದಾರೆ. ಪಾಪ, ಅವರ ಓಣಿಯಲ್ಲಿ ಒಂದು ಹೋತವೂ ಇಲ್ಲವಂತೆ.