ಅವ್ವನ ಮೂಗು ಕೊಟ್ಟ ದರ್ಜೆ

ಕಲಿತವನ ದಡ್ಡತನಕ್ಕೆ ಒಂದು ಅನುಕೂಲವಿದೆ: ಅದನ್ನು ಯಾರೂ ಬೇಗ ಗುರುತಿಸುವುದಿಲ್ಲ. ನಮ್ಮ ಮನೆತನದಲ್ಲಿ ಬಿ.ಎಸ್ಸಿ. ಮುಗಿಸಿದ ಮೊದಲಿಗ ನಾನು. ಅದೂ ಸುಮ್ಮನೆ ಅಲ್ಲ. ರಸಾಯನಶಾಸ್ತ್ರದಲ್ಲಿ ಒಮ್ಮೆ ನಪಾಸಾಗಿ, "ಅದಕ್ಯಾಕ ಅಳತಿ, ಇನ್ನೊಮ್ಮಿ ಕೂಡು" ಎಂದು ಅವ್ವ ಗದರಿಸಿದ ಮೇಲೆ ಪಾಸಾದವನು. ನನ್ನನ್ನು ಓದಿಸಲು ಅವ್ವ ನಿಪ್ಪಾಣಿಯ ತಂಬಾಕಿನ ವಖಾರದಲ್ಲಿ ವರ್ಷಗಟ್ಟಲೆ ಜರಡಿ ಹಿಡಿದಳು. ವಖಾರವೆಂದರೆ ಕಿಟಕಿ ಮುಚ್ಚಿದ ದೊಡ್ಡ ಗೋದಾಮು. ಕೆಲಸ ಶುರುವಾದರೆ ಧೂಳಿನಲ್ಲಿ ಎದುರು ಕೂತವಳ ಮುಖವೂ ಕಾಣದು. ಅಲ್ಲಿಂದ ನನಗೆ ಪದವಿ ಬಂತು, ಅವಳಿಗೆ ದಮ್ಮು ಬಂತು.

ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾಗಿ, ತೊಂಬತ್ತರ ದಶಕದಲ್ಲಿ ನಾನೊಂದು ಮನೆ ಕಟ್ಟಿಸಿದೆ. ಅವ್ವ ಇನ್ನಾದರೂ ಒಳ್ಳೆಯ ಗಾಳಿ ಕುಡಿಯಲಿ ಎಂಬುದೇ ನನ್ನ ಹಟ. ಜಾಗ ಸಿಕ್ಕಿದ್ದು ಮಾತ್ರ ಇನ್ನೊಂದು ವಖಾರದ ಬೆನ್ನಿಗೆ! ತಂಬಾಕಿನ ಒಂದು ಕಣವೂ ಒಳಗೆ ನುಸುಳಬಾರದೆಂದು ಕಿಟಕಿಗಳಿಗೆಲ್ಲ ರಬ್ಬರಿನ ಪಟ್ಟಿ ಬಡಿಸಿದೆ. "ಮಾಸ್ತರ, ಕಾಳಜಿ ಬಿಡ್ರಿ, ಏಕದಮ್ ಪ್ಯಾಕ್! ಇರುವಿನೂ ರಜಾ ಚೀಟಿ ಬರಕೊಂಡು ಹೊರಗ ನಿಲ್ಲಬೇಕು" ಎಂದ ಬಡಿಗ ಧೋಂಡಿಬಾ. ಒಳಗೆ ಗೋಡೆಗೆಲ್ಲ ಆಯಿಲ್ ಪೇಂಟು. ಅವ್ವನ ಕೋಣೆಗೆ ಗೋಡೆಯಷ್ಟು ಎತ್ತರದ ಪ್ಲೈವುಡ್ ಕಪಾಟು, ಅದರ ಮೇಲಿನ ಖಾನೆಯಲ್ಲಿ ಚೌಕಟ್ಟು ಹಾಕಿಸಿದ ನನ್ನ ಪದವಿ ಪ್ರಮಾಣಪತ್ರ. ಬಣ್ಣ ಆರುವ ಮೊದಲೇ ವಾಸ್ತುಶಾಂತಿ ಇಟ್ಟುಕೊಂಡೆ.

ಆ ಮುಂಜಾನೆ ಅವ್ವ ಬಲಗಾಲಿಟ್ಟು ಒಳಗೆ ಬಂದಳು. ಸ್ವಾಮಿಗಳು ಹೋಮದ ಬೆಂಕಿ ಹೊತ್ತಿಸಿ ಮಂತ್ರ ಶುರುಮಾಡಿದರು. ಹೊಗೆ ಹೊರಹೋಗಲು ದಾರಿಯಿಲ್ಲ, ಬಣ್ಣದ ಘಾಟು ಬೇರೆ. ಅರ್ಧ ತಾಸಿನಲ್ಲಿ ಅವ್ವನ ಎದೆ ತಿದಿಯಂತೆ ಏಳತೊಡಗಿತು, ತುಟಿಗಳು ನೀಲಿಯಾದವು. ಕಿಟಕಿ ತೆರೆಯಲು ಹೋದರೆ ರಬ್ಬರು ಹಸಿ ಬಣ್ಣಕ್ಕೆ ಅಂಟಿ ಕೂತಿದೆ! ನಾನು ಎಳೆಯುತ್ತಿದ್ದೇನೆ, ಹೆಂಡತಿ ಶಾಂತಾ "ಅತ್ತೀ, ಅತ್ತೀ" ಎಂದು ಚೀರುತ್ತಿದ್ದಾಳೆ. ಕೊನೆಗೆ ಅವ್ವನನ್ನು ಮಣೆಯ ಸಮೇತ ಅಂಗಳಕ್ಕೆ ಹೊತ್ತೊಯ್ದೆವು. ಕರೆಸಿದ ಡಾಕ್ಟರು ಅವ್ವನಿಗೆ ಸೂಜಿ ಚುಚ್ಚಿ, ಮನೆಯೊಳಗೆ ಇಣುಕಿ, "ಮಾಸ್ತರ, ಮನಿ ಕಟ್ಟೀರೋ, ಬಣ್ಣದ ಡಬ್ಬಿ ಕಟ್ಟೀರೋ?" ಎಂದರು.

ಉಸಿರು ಹತೋಟಿಗೆ ಬಂದ ಮೇಲೆ ಅವ್ವ ನನ್ನ ಕೈ ಹಿಡಿದಳು. "ಯಪ್ಪಾ, ಇದೂ ವಖಾರಾನ ಐತಿ. ಬಣ್ಣ ಹಚ್ಚಿದ ವಖಾರ. ನಾ ಸತ್ತಿ ಊರಿಗೆ, ನನ್ನ ತಂಗಿ ಮನಿಗೆ ಹೊಕ್ಕೀನಿ. ಅಲ್ಲಿ ಹೊಳಿ ಗಾಳಿ ಐತಿ."

ಅವಳಿಗಾಗಿ ಕಟ್ಟಿದ ಮನೆಯಿಂದ ಅವಳೇ ಹೋದರೆ ನಾನು ಇದ್ದು ಏನು ಮಾಡಲಿ? ಕಾಲಿಗೆ ಬಿದ್ದು ಎರಡು ತಿಂಗಳ ವಾಯಿದೆ ಕೇಳಿದೆ. ಬಾಡಿಗೆಯ ಹಳೇ ಮನೆಗೇ ಮರಳಿದೆವು. ಅದೇ ದಿನಗಳಲ್ಲಿ ಶಾಲೆಯ ಲೈಬ್ರರಿಯ ಪತ್ರಿಕೆಯೊಂದರಲ್ಲಿ ಓದಿದೆ: ಯಾವುದೋ ಥಂಡಿ ದೇಶದಲ್ಲಿ ಮನೆಯೊಳಗಿನ ಗಾಳಿಗೆ ಮೂರು ದರ್ಜೆಗಳಂತೆ, ಬಣ್ಣ, ಅಂಟು, ಹಲಗೆಗಳನ್ನೂ ಅವು ಬಿಡುವ ವಿಷದ ಆವಿ ಅಳೆದು ದರ್ಜೆಗೆ ಹಚ್ಚುತ್ತಾರಂತೆ. ಉತ್ಸಾಹದಿಂದ ಅವ್ವನಿಗೆ ಹೇಳಿದೆ.

"ಮಷೀನ್ ಯಾಕ ಬೇಕು? ಅವರಿಗೆ ಮೂಗಿಲ್ಲೇನು?" ಎಂದಳು.

ಮೂಗಿನ ಪರೀಕ್ಷೆ ಪ್ರತಿ ಸೋಮವಾರ ನಡೆಯಿತು. ಅವಳು ಹೊಸ್ತಿಲಲ್ಲಿ ನಿಂತು ಮೂಸುವಳು. ನಾನು ಹಿಂದೆ, ಫಲಿತಾಂಶದ ಹಲಗೆಯ ಮುಂದೆ ನಿಂತಂತೆ, ಬೆವರುವೆ. "ಇನ್ನೊಮ್ಮಿ ಕೂಡು" ಎಂದು ತಿರುಗಿ ನಡೆಯುವಳು. ರಬ್ಬರು ಕಿತ್ತೆ. ವಖಾರದ ಕಡೆಯ ಕಿಟಕಿಗಳನ್ನು ಅಲ್ಲಿ ಜರಡಿ ನಡೆಯುವ ಹೊತ್ತಿಗಷ್ಟೇ ಮುಚ್ಚಿ, ಉಳಿದವನ್ನು ಹಗಲೆಲ್ಲ ತೆರೆದಿಟ್ಟೆ. ಗೋಡೆ ಪಾಸಾಯಿತು. ಆದರೂ ವಾಯಿದೆಯ ಕೊನೆಯ ಸೋಮವಾರ, ಸತ್ತಿಗೆ ಹೋಗುವ ಗಂಟು ಬಗಲಲ್ಲೇ ಹಿಡಿದು ಬಂದ ಅವ್ವ, ತನ್ನ ಕೋಣೆಯಲ್ಲಿ ನಿಂತು ಕಪಾಟಿಗೆ ಬೆರಳು ಮಾಡಿದಳು.

"ಇದರ ಬಾಯಿ ಇನ್ನೂ ನಾರತೈತಿ. ಇದು ಇರಬೇಕು, ಇಲ್ಲಾ ನಾ ಇರಬೇಕು."

ನಾನೂ ಧೋಂಡಿಬಾನೂ ಕೂಡಿ ಕಪಾಟನ್ನು ಹೊರಗಿನ ಕಟ್ಟೆಗೆ ಎಳೆದೆವು. ಅವ್ವ ಗಂಟು ಕೆಳಗಿಟ್ಟು, ನೆಲದ ಮೇಲೆ ಕೂತು, ತುಂಬ ಉಸಿರು ಎಳೆದುಕೊಂಡಳು. "ಈಗ ಚಹಾ ಮಾಡಬೇ ಶಾಂತಾ" ಎಂದಳು.

ನಾನು ಮೆಲ್ಲನೆ, "ಅವ್ವಾ, ನನ್ನ ಸರ್ಟಿಫಿಕೇಟರೆ ಒಳಗ ತರಲೇನು?" ಎಂದೆ. ಅದರ ಚೌಕಟ್ಟಿನ ಹಿಂಬದಿಗೂ ಅದೇ ಪ್ಲೈವುಡ್ಡು, ಅದೇ ಅಂಟು. ಅವಳು ಅದನ್ನು ಮೂಗಿನ ಹತ್ತಿರ ಹಿಡಿದು, ಮುಖ ಸಿಂಡರಿಸಿ, ನನ್ನ ಕೈಗೇ ಮರಳಿಸಿದಳು.

ಪ್ರಮಾಣಪತ್ರ ಈಗಲೂ ಕಟ್ಟೆಯ ಮೇಲಿದೆ. ದಿನಕ್ಕೆರಡು ಸಲ ಅದರ ಮೇಲಿನ ತಂಬಾಕಿನ ಧೂಳು ಒರೆಸುವ ಕೆಲಸ ಪದವೀಧರನದೇ.