ಮಾವನ ಮೂವತ್ತು ದಿನದ ಕಾನೂನು

ನಮ್ಮ ಸೋದರಮಾವನಿಗೆ ಕನ್ನಡಿಯಲ್ಲಿ ಕಾಣುವ ಮನುಷ್ಯನ ಮೇಲೂ ಪೂರ್ತಿ ನಂಬಿಕೆಯಿಲ್ಲ. ತಲೆ ಬಾಚಿಕೊಂಡು ನಾಲ್ಕು ಹೆಜ್ಜೆ ಹೋದವನು ತಟ್ಟನೆ ಹಿಂದಿರುಗಿ ನೋಡುತ್ತಾನೆ, ಒಳಗಿನವನು ಬೇರೆ ಏನಾದರೂ ಮಾಡುತ್ತಿದ್ದಾನೋ ಎಂದು! ಇದು ನಾನು ಕಣ್ಣಾರೆ ಕಂಡದ್ದು. ಅಥವಾ ಅತ್ತೆ ಹೇಳಿದ್ದನ್ನೇ ಕಂಡೆನೆಂದುಕೊಂಡಿರಬಹುದು. ನನ್ನ ನೆನಪಿನ ಮಾತು ಬಿಡಿ.

ಮಾವನದು ಕಂಪ್ಲಿಯಲ್ಲಿ ಅಕ್ಕಿ ಗಿರಣಿ. ಹೊಸಪೇಟೆ, ಸಂಡೂರಿನಲ್ಲಿ ಒಂದೊಂದು ಅಂಗಡಿ. ತೂಕ, ದಾಸ್ತಾನು, ಬಿಲ್ಲು ಎಲ್ಲವೂ ಒಂದೇ ಸಾಫ್ಟ್‌ವೇರಿನಲ್ಲಿ. ಅದಕ್ಕೆ ತಿಂಗಳ ಬಾಡಿಗೆ, ಅದೂ ತಲೆಗಿಷ್ಟು ಎಂದು. ಹದಿನಾಲ್ಕು ಲಾಗಿನ್ ಐಡಿ ಇದ್ದರೆ ಹದಿನಾಲ್ಕು ತಲೆ, ಬಳಸಲಿ, ಬಿಡಲಿ. ಈ ಸಂಗತಿ ಮಾವನಿಗೆ ತಡವಾಗಿ ತಿಳಿಯಿತು. ತಿಳಿದ ಗಳಿಗೆಯಲ್ಲೇ ಹೊಸಪೇಟೆಯಲ್ಲಿ ಕಾಲೇಜು ಮೇಷ್ಟ್ರಾಗಿರುವ ನನಗೆ ಫೋನು ಬಂತು.

"ಅಳಿಯಾ, ನೀ ಯೂನಿವರ್ಸಿಟಿಯಾಗ ಎಲ್ಲಾದನ್ನೂ ಅನುಮಾನ ಮಾಡೋದು ಓದೀಯಂತಲ್ಲ?"

"ತತ್ವಶಾಸ್ತ್ರ, ಮಾವ."

"ಅದ, ಅದ. ಇವತ್ತು ಉಪಯೋಗಕ್ಕ ಬಂತು ನೋಡು. ಜಲ್ದಿ ಬಾ."

ಐಡಿಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಕೂತೆವು. ಮೊದಲು ಸಿಕ್ಕಿಬಿದ್ದವನು 'ಟೆಸ್ಟ್'.

"ಯಾರಲೇ ಈ ಟೆಸ್ಟ್? ಒಮ್ಮೆನೂ ನನ್ನ ಕಣ್ಣಿಗೆ ಬಿದ್ದಿಲ್ಲ."

"ಅದು ಮನುಷ್ಯ ಅಲ್ಲ, ಮಾವ. ಸಾಫ್ಟ್‌ವೇರ್ ಹಾಕಿದವರು ಪರೀಕ್ಷೆಗೆ ಅಂತ ಮಾಡಿದ ಹೆಸರು."

"ಮನುಷ್ಯಾ ಅಲ್ಲ, ಬಾಡಿಗಿ ಮಾತ್ರ ಮನುಷ್ಯಾಂದು! ತೆಗಿ."

ಎರಡನೆಯ ಹೆಸರು ನನ್ನದೇ! ನಾನು ಯಾವತ್ತೂ ಐಡಿ ಮಾಡಿಕೊಂಡವನಲ್ಲ ಎಂದು ಆಣೆ ಇಟ್ಟೆ. ಗಿರಣಿಯ ಗುಮಾಸ್ತ ಮೆಲ್ಲಗೆ, "ಸರ, ನೀವ ಮಾಡ್ಕೊಂಡ್ರಿ. ಈ ಕುರ್ಚಿ ಮ್ಯಾಲ ಕುಂತು, ಚಾ ಕುಡಕೋತ" ಎಂದ. ಯೋಚಿಸಿ ನೋಡಿದೆ. ಚಹಾ ನೆನಪಾಯಿತು, ಅದಕ್ಕೆ ಸಕ್ಕರೆ ಹೆಚ್ಚಾಗಿದ್ದದ್ದೂ ನೆನಪಾಯಿತು. ಐಡಿ ಮಾತ್ರ ನೆನಪಾಗಲಿಲ್ಲ.

"ಎರಡು ವರ್ಷದಿಂದ ನಿನ್ನ ತಲಿಗೆ ಬಾಡಿಗಿ ಕಟ್ಟಾಕತ್ತೀನಿ. ಒಳಗ ಏನೂ ಇಲ್ಲಲೇ!" ಎಂದ ಮಾವ.

ಅಂದೇ ಕಾನೂನು ಜಾರಿಗೆ ಬಂತು. "ಮೂವತ್ತು ದಿನ ತೆರೀಲಿಲ್ಲಂದ್ರ ಐಡಿ ಕಟ್. ನನ್ನ ಮಗಾ ಆದ್ರೂ ಅಷ್ಟ, ದೇವ್ರಾದ್ರೂ ಅಷ್ಟ."

ಮೊದಲ ಪೆಟ್ಟು ಬಿದ್ದದ್ದು ಸಂಡೂರಿನ ಗುಮಾಸ್ತನಿಗೆ. ಪಾಪ, ದಿನವೂ ಕೆಲಸ ಮಾಡುತ್ತಿದ್ದ. ಆದರೆ ಪಕ್ಕದವನ ಐಡಿಯಲ್ಲಿ. ನಮ್ಮಲ್ಲಿ ಪದ್ಧತಿಯೇ ಹಾಗೆ: ಬೆಳಿಗ್ಗೆ ಯಾರು ಮೊದಲು ಬಂದು ತೆರೆಯುತ್ತಾರೋ, ಸಂಜೆಯವರೆಗೆ ಎಲ್ಲರೂ ಅವರ ಹೆಸರಿನಲ್ಲೇ ದುಡಿಯುತ್ತಾರೆ. ಐಡಿ ಹೋಯಿತೆಂದರೆ ಕೆಲಸವೇ ಹೋಯಿತೆಂದು ತಿಳಿದ ಆತ, ಊಟದ ಡಬ್ಬಿ, ಕುರ್ಚಿಯ ದಿಂಬು ಎತ್ತಿಕೊಂಡು ಊರಿಗೆ ಹೋದವನು ಮರಳಲೇ ಇಲ್ಲ!

"ಹೋಗಾಕ ಕಾಯಾಕತ್ತಿದ್ದ. ನೆಪ ಸಿಕ್ತು," ಎಂದು ಮಾವ ಅದನ್ನೂ ಅನುಮಾನಿಸಿದ.

ಆಮೇಲಿಂದ ಗಿರಣಿಯಲ್ಲಿ ಐಡಿ ಎಂದರೆ ಅನ್ನ ಎಂದಾಯಿತು. ಹೆರಿಗೆಗೆ ಹೊರಟ, ಪಕ್ಕದ ಮೆಟ್ರಿ ಹಳ್ಳಿಯ ರೇಣುಕಾ, ತೂಕದ ಚೀಟಿ ಬರೆಯುವವಳು, ನನಗೆ ಫೋನು ಮಾಡಿದಳು. "ಸರ, ಬಾಣಂತನ ಮುಗಿಸಿ ಬರಾತನಕ ನನ್ನ ಐಡಿ ಇರ್ತೈತೇನ್ರಿ? ಮನಿ ನಡ್ಯಾದು ನನ್ನ ಪಗಾರದಾಗರಿ."

ಮಾವನಲ್ಲಿ ಹೋಗಿ ವಾದಿಸಿದೆ.

"ಅಕಿಗೆ ಬಿಟ್ರ ನಾಳೆ ಗಿರಣಿಯಾಗ ಎಲ್ಲಾರೂ ಬಾಣಂತಿ ಆಗ್ತಾರ! ಕಾನೂನು ಅಂದ್ರ ಕಾನೂನು."

ಎರಡು ತಿಂಗಳು ಕಳೆದು ಪಟ್ಟಿ ಮತ್ತೆ ನನ್ನ ಕೈಗೆ ಬಂತು. ರೇಣುಕಾಳ ಹೆಸರಿಗೆ ಕಾಟು ಹಾಕಬೇಕಲ್ಲ ಎಂದು ಪೆನ್ನು ಹಿಡಿದು ನೋಡಿದರೆ, ಐಡಿ ಬಳಕೆಯಲ್ಲಿದೆ! ಪ್ರತಿ ಸೋಮವಾರ, ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಯಾರೋ ತೆರೆದಿದ್ದಾರೆ, ಎರಡು ನಿಮಿಷದಲ್ಲಿ ಮುಚ್ಚಿದ್ದಾರೆ. ಅವಳೋ ಮೆಟ್ರಿಯಲ್ಲಿ ಕೂಸಿನ ಪಕ್ಕ ಮಲಗಿದ್ದಾಳೆ. ಹಾಗಾದರೆ ಇದು ಯಾರು? ಎಲ್ಲರ ಪಾಸ್‌ವರ್ಡೂ ತೂಕದ ಕೋಣೆಯ ಕ್ಯಾಲೆಂಡರಿನ ಹಿಂದೆ ಬರೆದಿದೆ. ಅವಳ ಹೆಸರಿನಲ್ಲಿ ಸುಳ್ಳು ತೂಕ ಬರೆದು ಮೂಟೆ ಸಾಗಿಸುವವರು ಯಾರೋ ಇದ್ದಾರೆ! ಕಳವು ಬಯಲಾದರೆ ಮೊದಲು ಆರೋಪ ಬರುವುದು ಅವಳ ತಲೆಗೇ. ಒಂದು ವೇಳೆ ಮರೆವಿನಲ್ಲಿ ನಾನೇ ತೆರೆದೆನೋ ಎಂದು ಹೆಂಡತಿಯನ್ನೂ ಕೇಳಿದೆ, "ಸೋಮವಾರ ನಾನು ಎಲ್ಲಿರ್ತೀನಿ?" ಅವಳು ಹಣೆ ಚಚ್ಚಿಕೊಂಡು ಒಳಗೆ ಹೋದಳು.

ಮುಂದಿನ ಸೋಮವಾರ ಮೊದಲ ಬಸ್ಸಿಗೆ ಕಂಪ್ಲಿ ಸೇರಿ, ತೂಕದ ಕೋಣೆಯ ಖಾಲಿ ಚೀಲಗಳ ಹಿಂದೆ ಅಡಗಿ ಕೂತೆ. ಒಂಬತ್ತಕ್ಕೆ ಕೋಣೆಯವರೆಲ್ಲ ಚಹಾಕ್ಕೆ ಹೋದರು. ಬಾಗಿಲು ಸರಿಯಿತು. ಕಳ್ಳ ಬಂದ. ಕಿಸೆಯಿಂದ ಚೀಟಿ ತೆಗೆದ, ಕನ್ನಡಕ ಏರಿಸಿದ, ಕೋಳಿ ಕಾಳು ಹೆಕ್ಕುವ ಹಾಗೆ ಒಂದೇ ಬೆರಳಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತತೊಡಗಿದ.

ಮಾವ!

ಚೀಲದ ಧೂಳಿಗೆ ನಾನು ಸೀನಿದೆ.

"ಯಾವನಲೇ ಅದು? ನೀನೇನು! ಕಳ್ಳನಂಗ ಯಾಕ ಕುಂತಿ?"

"ಕಳ್ಳನ್ನ ಹಿಡಿಯೋಕೆ, ಮಾವ."

ಅವನು ಕನ್ನಡಕ ತೆಗೆದು ಒರೆಸಿಕೊಂಡ. "ಮೂವತ್ತು ದಿನ ತೆರೀಲಿಲ್ಲಂದ್ರ ಕಟ್ ಅಂದೀನಿ. ಯಾರು ತೆರೀಬೇಕು ಅಂತ ಅಂದಿಲ್ಲ."

ಆರು ವರ್ಷ ತತ್ವಶಾಸ್ತ್ರ ಓದಿದ ನಾನು ಎದ್ದು ಮೈಮೇಲಿನ ಧೂಳು ಕೊಡವಿಕೊಂಡೆ.

"ಬರೋ ಸೋಮವಾರ ನಾ ಬಳ್ಳಾರಿಗೆ ಹೋಗಬೇಕು. ನೀ ಬಂದು ತೆರಿ. ಯಾರ ಮುಂದೂ ಹೇಳಬ್ಯಾಡ," ಎಂದು ಆ ಚೀಟಿಯನ್ನು ನನ್ನ ಅಂಗೈಯಲ್ಲಿಟ್ಟು, ಮುಖ ತಿರುಗಿಸಿಕೊಂಡು ಹೊರಟುಹೋದ.

ಬಸ್ಸಿನಲ್ಲಿ ಕೂತು ಚೀಟಿ ಬಿಡಿಸಿದೆ. ಮೇಲೆ ರೇಣುಕಾಳ ಪಾಸ್‌ವರ್ಡು. ಕೆಳಗೆ, ಪೆನ್ಸಿಲ್ಲಿನಲ್ಲಿ, ಮಾವನ ಅಂಕುಡೊಂಕು ಅಕ್ಷರ: "ರೇಣುಕಾನ ಕೂಸು. ಎರಡು ಕಿಲೋ ಎಂಟುನೂರು. ಆಸ್ಪತ್ರೆ ತಕ್ಕಡಿ ನಂಬುವಂತಿಲ್ಲ. ಮೆಟ್ರಿಗೆ ಹೋಗಿ ಇನ್ನೊಮ್ಮೆ ತೂಗಬೇಕು."