ಮೂರು ಬಾಟಲಿ ಕೋಲಾ ಕುಡಿದ ಮಾಂಸ

ಎಳೆ ಕುರಿಯ ಮಾಂಸಕ್ಕೆ ಕೊಡುವ ದುಡ್ಡಿನಲ್ಲಿ ಮುದಿ ಕುರಿಯದ್ದು ಎರಡರಷ್ಟು ಬರುತ್ತದೆ. ಅದನ್ನು ಮೆದುವಾಗಿಸಲು ಒಂದು ಬಾಟಲಿ ಕೋಲಾ ಸಾಕು. ಇದ್ದಿಲು ಇಸ್ತ್ರಿ ಅಂಗಡಿಯವನು ಪುಕ್ಕಟೆ ಕೊಡುತ್ತೇನೆ ಎಂದಿದ್ದ. ಈ ಲೆಕ್ಕವನ್ನೆಲ್ಲ ಮೇಲೆ ಕೆಳಗೆ ಮಾಡಿ ನೋಡಿದ ಮೇಲೆಯೇ ಗೋದಾಮಿನ ಗುಮಾಸ್ತ, ರಜೆಯಲ್ಲಿದ್ದ ತನ್ನ ಮ್ಯಾನೇಜರಿಗೆ ಫೋನ್ ಮಾಡಿ ಭಾನುವಾರದ ಊಟಕ್ಕೆ ಕರೆದದ್ದು.

ಕರೆಯಲು ಕಾರಣವಿತ್ತು. ಗೋದಾಮು ಊರಿನ ಆ ತುದಿಯಲ್ಲಿತ್ತು, ಮನೆ ಈ ತುದಿಯಲ್ಲಿ. ನಡುವೆ ಎರಡು ಬಸ್ಸು, ಎರಡರಲ್ಲೂ ನಿಂತೇ ಪ್ರಯಾಣ. ಅದೇ ಕಂಪನಿಯ ಅಂಗಡಿಯೊಂದು ಅವನ ಮನೆಯ ಎದುರಿಗೇ ಇತ್ತು, ಅಲ್ಲೊಂದು ಕೆಲಸವೂ ಖಾಲಿಯಾಗಿತ್ತು. ಮ್ಯಾನೇಜರ್ ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಕೇಳಿದಾಗಲೆಲ್ಲ ಅವರು "ನೋಡೋಣ" ಎನ್ನುತ್ತಿದ್ದರು, ನೋಡುತ್ತಿದ್ದದ್ದು ಮಾತ್ರ ಕಿಟಕಿಯ ಕಡೆಗೆ.

"ಮುದಿ ಕುರಿ ಅಂತ ಅವರಿಗೆ ಗೊತ್ತಾದ್ರೆ ಏನ್ ಗತಿ?" ಎಂದಳು ಹೆಂಡತಿ.

"ಕೋಲಾದಲ್ಲಿ ಎರಡು ಗಂಟೆ ನೆನೆದ್ರೆ ಆ ಕುರಿಗೇ ತನ್ನ ವಯಸ್ಸು ಮರೆತುಹೋಗುತ್ತೆ, ಸುಮ್ನಿರೇ."

ಶುಂಠಿ, ಬೆಳ್ಳುಳ್ಳಿ, ಮೆಣಸಿನಪುಡಿ ಸವರಿ, ಒಂದು ಬಾಟಲಿ ಕೋಲಾ ಸುರಿದು ಮುಚ್ಚಿದ. ಮನೆಯ ಫ್ರಿಜ್ಜು ಕೆಟ್ಟಿದ್ದರಿಂದ ಪಾತ್ರೆಯನ್ನು ಕೆಳಮನೆಯ ನರ್ಸಮ್ಮನ ಫ್ರಿಜ್ಜಿನಲ್ಲಿಟ್ಟು ಇದ್ದಿಲು ತರಲು ಹೊರಟ. ಅಲ್ಲೇ ತಪ್ಪಿದ್ದು. ಆ ಕಟ್ಟಡದಲ್ಲಿ ಪಕ್ಕದವರ ಪಾತ್ರೆಯ ಮುಚ್ಚಳ ತೆಗೆದು ನೋಡದೆ ಹೋದವರನ್ನು ಜಂಬದವರು ಎನ್ನುತ್ತಿದ್ದರು. ನೋಡಿದ ಮೇಲೆ ಏನಾದರೂ ಸಹಾಯ ಮಾಡದೆ ಹೋದವರನ್ನು ಕಲ್ಲೆದೆಯವರು ಎನ್ನುತ್ತಿದ್ದರು.

ಇಸ್ತ್ರಿಯವನು ಇದ್ದಿಲು ಕೊಟ್ಟ, ಜೊತೆಗೆ ತನ್ನ ಸೊಂಟನೋವಿನ ಪೂರ್ತಿ ಚರಿತ್ರೆಯನ್ನೂ ಕೊಟ್ಟ. ಗುಮಾಸ್ತ ಬರುವಷ್ಟರಲ್ಲಿ ಹೊತ್ತು ನೆತ್ತಿ ದಾಟಿತ್ತು.

"ಅಣ್ಣಾ, ನಿಮ್ಮ ಮಾಂಸ ಬಾಯಾರಿ ಕೂತಿತ್ತು," ಎಂದಳು ನರ್ಸಮ್ಮ. "ನಾನೇ ಇನ್ನೊಂದು ಬಾಟಲಿ ಕೋಲಾ ಹಾಕ್ದೆ. ಡ್ರಿಪ್ ಕೊಟ್ಟ ಹಾಗೆ, ನಿಧಾನಕ್ಕೆ."

"ನೀನೂ ಹಾಕ್ದ್ಯಾ?" ಎಂದ ಪಕ್ಕದ ಕ್ಷೌರದಂಗಡಿಯ ಮಾವ, ಐಸು ಕೇಳಲು ಬಂದು ಅಲ್ಲೇ ನಿಂತಿದ್ದವನು. "ನಾನೂ ಒಂದು ಬಾಟಲಿ ಸುರಿದು ನಿಂಬೆಹಣ್ಣು ಹಿಂಡಿದ್ನಲ್ಲ! ಗಡ್ಡ ನೆನೀದೆ ಕತ್ತಿ ಇಡಬಾರದು ತಮ್ಮಾ. ಮಾಂಸವೂ ಹಾಗೇ."

ಗುಮಾಸ್ತ ಒಂದು ತುಂಡನ್ನು ಎತ್ತಿದ. ಅದು ಹಾಲಿನಲ್ಲಿ ಅದ್ದಿದ ಬ್ರೆಡ್ಡಿನಂತೆ ಬೆರಳ ಸಂದಿಯಿಂದ ಜಾರಿ ಪಾತ್ರೆಗೆ ಬಿತ್ತು. ಅವನ ಎದೆಯೂ ಅದರ ಜೊತೆಗೇ ಬಿತ್ತು.

ಬೇರೆ ಮಾಂಸ ತರಲು ಹೊತ್ತಿರಲಿಲ್ಲ. ಮಹಡಿಯ ಮೇಲೆ ಇಟ್ಟಿಗೆ ಜೋಡಿಸಿ ಕೆಂಡ ಮಾಡಿ, ತುಂಡುಗಳನ್ನು ಹಸುಗೂಸಿನ ಹಾಗೆ ಹಿಡಿದು ಕಂಬಿಗೆ ಚುಚ್ಚಿದ. ಅಷ್ಟರಲ್ಲಿ ಹೆಂಡತಿ ಇನ್ನೊಂದಿಷ್ಟು ಕೋಲಾಕ್ಕೆ ಟೊಮ್ಯಾಟೊ, ವಿನಿಗರ್, ಖಾರ ಹಾಕಿ, ಅಂಟು ಬರುವವರೆಗೆ ಕುದಿಸಿದ ಸಾಸು ತಂದಿಟ್ಟಳು. ಮಾವ ತಕ್ಷಣ ಕುಂಚ ಎತ್ತಿಕೊಂಡ.

"ತಡೀರಿ ಮಾವ! ಅದನ್ನ ಇಳಿಸೋ ಹೊತ್ತಿಗೆ ಸವರಬೇಕು. ಸಕ್ಕರೆ ಸೀದುಹೋಗುತ್ತೆ!" ಎಂದಳು ಹೆಂಡತಿ.

"ನೊರೆ ಹಚ್ಚೋದನ್ನ ನನಗೆ ಹೇಳಿಕೊಡ್ತೀಯಾ?" ಎಂದು ಮಾವ ಧಾರಾಳವಾಗಿ ಬಳಿದೇಬಿಟ್ಟ.

ಸಾಸು ತೊಟ್ಟಿಕ್ಕಿದ್ದೇ ತಡ, ಬೆಂಕಿ ಭಗ್ಗೆಂದು ಅವನ ಮೀಸೆಯ ತುದಿ ಮುಟ್ಟಿ ಬಂತು. ನರ್ಸಮ್ಮ ಹಿಂದೆಮುಂದೆ ನೋಡದೆ ಒಂದು ಬಕೆಟ್ ನೀರು ಎರಚಿದಳು. ಹೊಗೆ ಕರಗಿದಾಗ ಕಂಬಿಗಳು ಖಾಲಿಯಾಗಿದ್ದವು. ಮಾಂಸವೆಲ್ಲ ಕುಸಿದಿತ್ತು, ಒಂದಿಷ್ಟು ಬೂದಿಗೆ, ಉಳಿದದ್ದು ರಸ ಹಿಡಿಯಲು ಕೆಳಗಿಟ್ಟಿದ್ದ ತಟ್ಟೆಗೆ. ಹೆಂಡತಿ ಬೂದಿ ತಾಗದ್ದನ್ನು ಬಳಿದು, ಉಳಿದ ಸಾಸಿನ ಜೊತೆ ಒಲೆಯ ಮೇಲಿಟ್ಟು ಬೇಯಿಸಿದಳು. ನೋಡಲು ಅದು ರಸ್ತೆ ರಿಪೇರಿಗೆ ಕಲಸಿದ ಡಾಂಬರಿನಂತಿತ್ತು.

"ಹಂಚಿಕೊಂಡು ತಿನ್ನೋದಾದ್ರೂ ಹೇಗೆ, ಕರಣೆ ಬೇಕಲ್ಲ!" ಎಂದು ಮಾವ ನಗುವಾಗ ಮೆಟ್ಟಿಲ ಮೇಲೆ ಮ್ಯಾನೇಜರ್ ಕಾಣಿಸಿಕೊಂಡರು.

ಅವರು ಬಾಯಿಗೆ ಕರವಸ್ತ್ರ ಒತ್ತಿಕೊಂಡಿದ್ದರು. ಹೊಗೆಗೆ ಇರಬೇಕು, ಇಲ್ಲವೇ ವಾಸನೆಗೆ, ಎಂದುಕೊಂಡ ಗುಮಾಸ್ತನ ಕಣ್ಣ ಮುಂದೆ ಬಸ್ಸುಗಳು ಸಾಲಾಗಿ ಓಡಿದವು. ಆದರೂ ಬಡಿಸಿದ. ಮ್ಯಾನೇಜರ್ ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದರು. ಇನ್ನೊಂದು ಚಮಚ. ಆಮೇಲೆ ತಟ್ಟೆಯನ್ನೇ ಮುಂದೆ ಚಾಚಿದರು. ಅವರ ಕಣ್ಣಲ್ಲಿ ನೀರಿತ್ತು.

"ಖಾರ ಆಯ್ತಾ ಸಾರ್?"

"ಹೋದ ವಾರ ಮೇಲಿನ ಹಲ್ಲೆಲ್ಲ ಕೀಳಿಸಿದೆ ಕಣಯ್ಯಾ," ಎಂದರು ಮ್ಯಾನೇಜರ್ ಕರವಸ್ತ್ರ ಇಳಿಸಿ. "ಮನೇಲಿ ಬರೀ ಗಂಜಿ. ಸುಟ್ಟ ಮಾಂಸಕ್ಕೆ ಕರೆದಾಗ ಅಣಕಿಸ್ತಿದೀಯ ಅಂದ್ಕೊಂಡೆ. ನೀನು ನೋಡಿದ್ರೆ, ನಾಲಿಗೇಲೇ ಅಗಿಯೋ ಹಾಗೆ ಮಾಡಿಟ್ಟಿದೀಯ! ಹೆತ್ತ ಮಗನೂ ಇಷ್ಟು ಯೋಚನೆ ಮಾಡಲ್ಲ."

"ನಾನೇ ಡ್ರಿಪ್..." ಎಂದು ಬಾಯಿ ತೆರೆದ ನರ್ಸಮ್ಮನ ಕಾಲನ್ನು ಹೆಂಡತಿ ತುಳಿದಳು.

ಗುಮಾಸ್ತ ಗಂಟಲು ಸರಿಮಾಡಿಕೊಂಡ. "ಸಾರ್, ಆ ಎದುರಿನ ಅಂಗಡಿ ವಿಷಯ..."

"ಅದನ್ನ ಹೇಳೋಕೇ ಬಂದೆ. ನಾಳೆಯಿಂದ ನಿನ್ನನ್ನ ಅಲ್ಲಿಗೆ ಕಳಿಸೋಣ ಅಂತ ಮನಸ್ಸು ಮಾಡಿದ್ದೆ."

"ಸಾರ್!"

"ಆದ್ರೆ ಈಗ ನಿನ್ನ ಹೇಗಯ್ಯಾ ಬಿಟ್ಟುಕೊಡ್ಲಿ? ಹೊಸ ಹಲ್ಲು ಕೂರೋವರೆಗೆ ಮಧ್ಯಾಹ್ನಕ್ಕೆ ಇದೇ ಬೇಕು ನನಗೆ. ಅಂಗಡಿಗೆ ಬೇರೆ ಯಾರನ್ನಾದ್ರೂ ಕಳಿಸ್ತೀನಿ. ನೀನು ಗೋದಾಮಲ್ಲೇ ಇರು."

ಎದುರಿನ ಅಂಗಡಿಯ ಕೆಲಸ ಹೋಯಿತು. ಮಾಂಸ ಮುಗಿಯಿತು. ದಕ್ಕಿದ್ದು, ಎರಡು ಬಸ್ಸಿನಲ್ಲಿ ನಿಂತುಕೊಂಡೇ ಹೊರಲು ಇನ್ನೊಂದು ಊಟದ ಡಬ್ಬಿ.